ಅಡ್ವಾನ್ಸ್ ದುಡ್ಡು ಯಾರದ್ದು?

ತುಮಕೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಬರೆದಿದ್ದೇನೆ. ಮಾತಾಡುವಾಗ ಹಿಂದೆ ಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಬೈದಿದ್ದನ್ನು ತೆಗೆದಿದ್ದೇನೆ.

ಮೊದಲು ಒಂದು ಪ್ರಶ್ನೆ ಕೇಳಿದೆ. ಇಲ್ಲಿ ಎಷ್ಟು ಜನ ಮನೆ ಬಾಡಿಗೆಗೆ ಕೊಟ್ಟಿದ್ದೀರಿ? ಮೂವತ್ತು ಕೈ ಎದ್ದಿರಬೇಕು. ಸರಿ, ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಇವತ್ತಿಗೂ ಬ್ಯಾಂಕಿನಲ್ಲಿ ಹಾಗೇ ಇರುವುದು ಎಷ್ಟು ಜನರದ್ದು? ಎರಡು ಕೈ. ಅದರಲ್ಲಿ ಒಂದು ನನ್ನದು. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆಂದರೆ 2017ರಲ್ಲಿ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನನ್ನ ಕೈಯೂ ಕೆಳಗೇ ಇರುತ್ತಿತ್ತು.

ನಾನು ವಕೀಲ ಅಲ್ಲ, ಬ್ರೋಕರ್ ಅಂತೂ ಅಲ್ಲವೇ ಅಲ್ಲ. ಗುಬ್ಬಿ ಗೇಟ್ ಕಡೆ ಹಾರ್ಡ್‌ವೇರ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಮನೆ ಕಟ್ಟುವವರು, ಕಟ್ಟಿ ಕೈ ಸುಟ್ಟುಕೊಂಡವರು, ಬಾಡಿಗೆದಾರ ಖಾಲಿ ಮಾಡಿ ಹೋದ ಮೇಲೆ ನಲ್ಲಿ, ಫ್ಲಶ್, ಪೇಂಟು ಅಂತ ತಲೆ ಮೇಲೆ ಕೈ ಹೊತ್ತು ಬರುವವರು, ಎಲ್ಲರೂ ನನ್ನ ಕೌಂಟರ್ ಮುಂದೆ ನಿಂತೇ ಹೋಗುತ್ತಾರೆ. ಮರಳೂರಿನಲ್ಲಿ ನನ್ನದೊಂದು ಕಟ್ಟಡ ಇದೆ, ಮೂರು ಪೋರ್ಷನ್. ಅಷ್ಟೇ ನನ್ನ ರಿಯಲ್ ಎಸ್ಟೇಟ್ ಸಾಮ್ರಾಜ್ಯ.

ಆ ಕಟ್ಟಡದ ಕೆಳಗಿನ ಮನೆಯನ್ನು 2014ರಲ್ಲಿ ಲೀಸ್‌ಗೆ ಕೊಟ್ಟೆ. 6 ಲಕ್ಷ, ಮೂರು ವರ್ಷ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರುಗಳು, ಒಳ್ಳೆ ಜನ. ದುಡ್ಡು ಖಾತೆಗೆ ಬಿದ್ದ ದಿನ ನನಗೆ ಲಾಟರಿ ಹೊಡೆದ ಹಾಗಿತ್ತು. ನಾಲ್ಕು ಲಕ್ಷಕ್ಕೆ ಅಂಗಡಿಗೆ ಸ್ಟಾಕ್ ಹಾಕಿದೆ, ಉಳಿದಿದ್ದು ಮೇಲಿನ ಮನೆಯ ಆರ್‌ಸಿಸಿಗೆ ಹೋಯಿತು. ಮೂರು ವರ್ಷ ಅಂದರೆ ತುಂಬಾ ದೂರ ಅಂದುಕೊಂಡಿದ್ದೆ. 2017ರಲ್ಲಿ ಅವರಿಗೆ ವರ್ಗ ಆಯಿತು. ಎರಡು ತಿಂಗಳು ಮುಂಚೆಯೇ ಹೇಳಿದರು. ಹೊಸ ಲೀಸ್‌ನವರು ಬಂದರೆ ಆ ದುಡ್ಡು ತೆಗೆದು ಇವರಿಗೆ ಕೊಡೋಣ ಅಂತ ನಾನು ಕಾದೆ. ಯಾರೂ ಬರಲಿಲ್ಲ. ಅವರ ಸಾಮಾನೆಲ್ಲ ಲಾರಿಗೆ ಹತ್ತಿದ ದಿನ ಆ ಮೇಷ್ಟ್ರು ನಮ್ಮ ಮನೆಗೆ ಬಂದು ಕೂತರು. ಕಾಫಿ ಕುಡಿದರು. ದನಿ ಏರಿಸಲಿಲ್ಲ. "ಸಾರ್, ನಾವು ನಿಮ್ಮ ಹತ್ರ ಸಾಲ ಕೇಳ್ತಿಲ್ಲ, ನಮ್ಮ ದುಡ್ಡು ಕೇಳ್ತಿದ್ದೀವಿ" ಅಂದರು.

ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಮಾರನೇ ದಿನ ಅವಳ ಬಳೆ, ಸರ ಎರಡೂ ಗಿರವಿಗೆ ಹೋದವು. ಸಾಲದ್ದಕ್ಕೆ ಅಂಗಡಿಯ ಹೆಸರಿನಲ್ಲಿ ಕೈಸಾಲ. ಬಿಡಿಸಿಕೊಳ್ಳುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಆಗ ಆ ಮನೆಗೆ ತಿಂಗಳಿಗೆ 6,000 ಬಾಡಿಗೆ ಬರುತ್ತಿತ್ತು. ವರ್ಷಕ್ಕೆ 72,000. ಅದನ್ನು ಬಿಟ್ಟುಕೊಟ್ಟು 6 ಲಕ್ಷ ತೆಗೆದುಕೊಂಡೆ. ಅಂದರೆ ವರ್ಷಕ್ಕೆ 12% ಬಡ್ಡಿಯ ಸಾಲ! ಬ್ಯಾಂಕಿನವರು 12% ಅಂದಿದ್ದರೆ ಬೈದು ಎದ್ದು ಬರುತ್ತಿದ್ದೆ, ಲೀಸ್ ಅಂದಾಕ್ಷಣ ಸಂಪಾದನೆ ಅಂದುಕೊಂಡೆ. ನಮ್ಮ ಹಿರಿಯರು ಇದಕ್ಕೆ ಹತ್ತಿರದ್ದನ್ನೇ ಭೋಗ್ಯ ಅನ್ನುತ್ತಿದ್ದರು, ಅದು ಸಾಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಭೋಗ್ಯ ಅಂತ ಬರೆಸುವುದಾದರೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಲದು.

ಬಾಡಿಗೆಯ ಅಡ್ವಾನ್ಸ್ ಕೂಡ ಅದೇ ಜಾತಿ, ಮೊತ್ತ ಚಿಕ್ಕದು ಅಷ್ಟೇ. ಈಗ ನಾನು ಮಾಡುವುದು ಇಷ್ಟು. ಅಡ್ವಾನ್ಸ್ ಬಂದ ದಿನವೇ ಎಫ್‌ಡಿ. ಆ ಮನೆಯ ಕರಾರು ಪತ್ರದ ಜೊತೆ ಎಫ್‌ಡಿ ರಸೀದಿಯನ್ನೂ ಒಂದೇ ಕವರಿಗೆ ಪಿನ್ ಮಾಡಿ ಇಡುತ್ತೇನೆ. ಬಡ್ಡಿ ನನ್ನದು, ಅಸಲು ಅವರದು. ಅವರು ಖಾಲಿ ಮಾಡುತ್ತೇವೆ ಅಂದ ದಿನ ನನ್ನ ಎದೆ ಡವಡವ ಅನ್ನುವುದಿಲ್ಲ. ಇನ್ನೊಂದು ವಿಷಯ, 20,000 ಅಥವಾ ಅದಕ್ಕಿಂತ ಜಾಸ್ತಿ ಡೆಪಾಸಿಟ್ಟನ್ನು ನಗದಾಗಿ ಇಸಿದುಕೊಳ್ಳಬೇಡಿ. ಸೈಟು ಮಾರುವಾಗ ತಗೊಳ್ಳುವ ಮುಂಗಡಕ್ಕೂ ಅದೇ ಮಾತು. ಆದಾಯ ತೆರಿಗೆಯವರ ಕಣ್ಣಿಗೆ ಬಿದ್ದರೆ ಎಷ್ಟು ತಗೊಂಡಿದ್ದೀರೋ ಅಷ್ಟೇ ದಂಡ ಬೀಳಬಹುದು, ಅದೂ ಕೊಟ್ಟವರಿಗಲ್ಲ, ತಗೊಂಡವರಿಗೆ.

ಕೈಯಲ್ಲಿರುವುದು ಬೇರೆ, ನಮ್ಮದಾಗಿರುವುದು ಬೇರೆ. ಈ ಒಂದು ವ್ಯತ್ಯಾಸ ಮರೆತಿದ್ದಕ್ಕೇ ನಾನು ನೋಡಿದ ಮುಕ್ಕಾಲು ಪಾಲು ಜನ ದುಡ್ಡು ಕಳೆದುಕೊಂಡಿರುವುದು. ಸೈಟಿನ ವಿಷಯಕ್ಕೆ ಬನ್ನಿ, ಅಲ್ಲೂ ಇದೇ ಕಥೆ.

ಸುಮ್ನೆ ಕಲ್ಲು ನೆಟ್ಟು, ಕೆಮ್ಮಣ್ಣಿನ ರಸ್ತೆ ಎಳೆದು, ಬಣ್ಣದ ಬಾವುಟ ಕಟ್ಟಿದರೆ ಬಡಾವಣೆ ಆಗುವುದಿಲ್ಲ. ಕೃಷಿ ಜಮೀನು ಡಿಸಿ ಕನ್ವರ್ಷನ್ ಆಗಿರಬೇಕು, ಅಂದರೆ ಕೃಷಿಯೇತರ ಬಳಕೆಗೆ ಬದಲಾಗಿರಬೇಕು, ಆಮೇಲೆ ಬಡಾವಣೆ ನಕ್ಷೆಗೆ ಅನುಮೋದನೆ ಸಿಕ್ಕಿರಬೇಕು, ನಮ್ಮೂರಿನ ಸುತ್ತಮುತ್ತ ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಟೂಡಾದಿಂದ. ಎರಡೂ ಬೇರೆ ಬೇರೆ. "ಕನ್ವರ್ಷನ್ ಆಗಿದೆ ಸಾರ್" ಅಂದರೆ ಅರ್ಧ ಆಗಿದೆ ಅಂತ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಹೊಸದಾಗಿ ಸೈಟು ಮಾಡಿ ಮಾರುತ್ತಿದ್ದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾ, ನೋಂದಣಿಯೂ ಇರಬೇಕು. ಅದನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು, ಹತ್ತು ನಿಮಿಷದ ಕೆಲಸ. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯಾ, ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ಬರೀ 11ಬಿ ಇದೆಯಾ ನೋಡಿ. "ಎರಡೂ ಒಂದೇ ಸಾರ್, ಮುಂದೆ ಸರ್ಕಾರ ಸಕ್ರಮ ಮಾಡುತ್ತೆ" ಅನ್ನುತ್ತಾರೆ. ಮಾಡಲಿ. ಮಾಡಿದ ಮೇಲೆ ತಗೊಳ್ಳೋಣ, ಆತುರ ಏನಿದೆ?

ಈಸಿ, ಅಂದರೆ ಋಣಭಾರ ಪತ್ರದ ಬಗ್ಗೆ ಒಂದು ಮಾತು. ಕಾವೇರಿ ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನ ಋಣಭಾರ ಪತ್ರ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಾದರೆ ಕಚೇರಿಗೇ ಹೋಗಬೇಕು, ಹೋಗಿ. ಆದರೆ ಈಸಿ ಕ್ಲೀನ್ ಇದೆ ಅಂದರೆ ಆಸ್ತಿ ಕ್ಲೀನ್ ಇದೆ ಅಂತ ಅಲ್ಲ. ಅದರಲ್ಲಿ ಕಾಣುವುದು ನೋಂದಣಿ ಆಗಿರುವ ವ್ಯವಹಾರ ಮಾತ್ರ. ಕೋರ್ಟಿನಲ್ಲಿರುವ ಪಾಲಿನ ದಾವೆ ಅದರಲ್ಲಿ ಕಾಣದೇ ಇರಬಹುದು, ಅದಕ್ಕೆ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಬೇಕು. ಹಾಗೆಯೇ ಸಹಿ ಹಾಕದ ತಂಗಿ ಈಸಿಯಲ್ಲಿ ಕಾಣುವುದಿಲ್ಲ.

ತಂಗಿ ಅಂದಾಗ ಸಭೆಯಲ್ಲಿ ಸ್ವಲ್ಪ ಗುಸುಗುಸು ಆಯಿತು, ನನಗೆ ಗೊತ್ತಿತ್ತು ಆಗುತ್ತದೆ ಅಂತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಮದುವೆ ಆಗಿದ್ದರೂ ಅಷ್ಟೇ. ಅಪ್ಪ 2005ಕ್ಕಿಂತ ಮುಂಚೆಯೇ ತೀರಿಕೊಂಡಿದ್ದರೆ ಮಗಳಿಗೆ ಹಕ್ಕಿಲ್ಲ ಅಂತ ವಾದ ಇತ್ತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಮುಗಿಸಿತು. ಇಷ್ಟಾದರೂ ಪಹಣಿಯ 9ನೇ ಕಾಲಂನಲ್ಲಿ ಅಣ್ಣತಮ್ಮಂದಿರ ಹೆಸರು ಇದೆ, ಸಾಕು ಅಂತ ಕ್ರಯ ಮಾಡಿಸಿಕೊಳ್ಳುವವರು ದಿನಾ ಸಿಗುತ್ತಾರೆ. ನನ್ನ ಅಂಗಡಿಯ ಗಿರಾಕಿ ಒಬ್ಬರು ಹಾಗೆ ಸೈಟು ತಗೊಂಡು, ತಳಪಾಯಕ್ಕೆ ಕಬ್ಬಿಣವನ್ನೂ ನನ್ನಲ್ಲೇ ಕೊಂಡು, ಪಿಲ್ಲರ್ ಎದ್ದ ಮೇಲೆ ಕೋರ್ಟಿನಿಂದ ತಡೆ ಬಂದು ನಿಂತರು. ಆ ಪಿಲ್ಲರ್‌ಗಳ ತಲೆಯ ಮೇಲಿನ ಕಂಬಿ ಈಗ ತುಕ್ಕು ಹಿಡಿದು ಕೆಂಪಾಗಿದೆ. ಆ ಕಡೆ ಹೋದಾಗಲೆಲ್ಲ ನೋಡುತ್ತೇನೆ. ವಂಶವೃಕ್ಷ ಕೇಳಿ. ಅದರಲ್ಲಿರುವ ಪ್ರತಿ ಹೆಸರಿಗೂ ಒಂದು ಸಹಿ ಅಥವಾ ಒಂದು ಹಕ್ಕು ಬಿಡುಗಡೆ ಪತ್ರ ಇದೆಯಾ ಅಂತ ಪೆನ್ಸಿಲ್ ಹಿಡಿದು ಟಿಕ್ ಮಾಡುತ್ತಾ ಹೋಗಿ.

ಇನ್ನು ತುಂಬಾ ಅಗ್ಗಕ್ಕೆ ಜಮೀನು ಅಂದರೆ ಮೊದಲು ಕೇಳಬೇಕಾದ್ದು, ಇದು ಸರ್ಕಾರ ಮಂಜೂರು ಮಾಡಿದ್ದಾ ಅಂತ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯವೇ ಊರ್ಜಿತ ಅಲ್ಲ. ಎಷ್ಟೋ ವರ್ಷ ಆಗಿಹೋಯಿತು, ಈಗ ಯಾರು ಕೇಳುತ್ತಾರೆ ಅನ್ನುವ ಧೈರ್ಯವೂ ಬೇಡ. ಕಾಲಮಿತಿಯ ಆ ನೆಪ ನಡೆಯದ ಹಾಗೆ 2023ರಲ್ಲಿ ತಿದ್ದುಪಡಿ ಆಗಿದೆ. ನನ್ನ ಅಭಿಪ್ರಾಯ ಕೇಳಿದರೆ ಅದು ಸರಿಯಾದ ಕಾಯ್ದೆ. ಬಡವರ ಜಮೀನನ್ನು ಕಾಸಿಗೆ ಬರೆಸಿಕೊಂಡು ಬಡಾವಣೆ ಮಾಡಿದವರನ್ನು ನಾವೆಲ್ಲ ನೋಡಿದ್ದೇವೆ.

ಇನ್ನು ಬೆಲೆ ಏರುತ್ತದೆ ಅನ್ನುವ ಮಾತು. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2016ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಅದೇ ವಾರ ನನ್ನ ಅಂಗಡಿಗೆ ಬ್ರೋಕರ್‌ಗಳು ಸೈಟಿನ ನಕ್ಷೆ ಸುತ್ತಿಕೊಂಡು ಬಂದರು. ಕಾರ್ಖಾನೆ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಏಳು ವರ್ಷ. ಆ ಏಳು ವರ್ಷ ಸಾಲದ ಕಂತು ಕಟ್ಟಿಕೊಂಡು ಕಾದವರ ಲೆಕ್ಕ ಯಾರೂ ಹೇಳುವುದಿಲ್ಲ. ಈಗ ಅದೇ ಬ್ರೋಕರ್‌ಗಳು ಮೆಟ್ರೋ ಮೆಟ್ರೋ ಅನ್ನುತ್ತಿದ್ದಾರೆ. ಬರಬಾರದು ಅಂತ ನಾನು ಹೇಳುತ್ತಿಲ್ಲ, ಬಂದರೆ ಬೆಂಗಳೂರಿಗೆ ನಾನೂ ಅದರಲ್ಲೇ ಹೋಗುತ್ತೇನೆ. ಆದರೆ ಕಂತು ಮಾತ್ರ ಮುಂದಿನ ತಿಂಗಳಿಂದಲೇ ಶುರು ಅಲ್ವಾ?

ಸಭೆಯಲ್ಲಿ ಕರಿಹಲಗೆ ಇತ್ತು, ಒಂದು ಲೆಕ್ಕ ಬರೆದು ತೋರಿಸಿದೆ. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಎರಡು ಮನೆ, ಎಲ್ಲ ಸೇರಿ 60 ಲಕ್ಷ ಅಂತ ಇಟ್ಟುಕೊಳ್ಳೋಣ. ಮನೆಗೆ 9,000 ಬಾಡಿಗೆ. ತಿಂಗಳಿಗೆ 18,000, ವರ್ಷಕ್ಕೆ 2,16,000. ಅದರಲ್ಲಿ ವರ್ಷಕ್ಕೊಂದು ತಿಂಗಳು ಒಂದು ಮನೆಯಾದರೂ ಖಾಲಿ ಇರುತ್ತದೆ. ಕಂದಾಯ, ಮೋಟರ್ ರಿಪೇರಿ, ಬಣ್ಣ, ಟ್ಯಾಂಕ್ ತೊಳೆಸುವುದು, ಎಲ್ಲ ಕಳೆದರೆ 1,80,000 ಉಳಿಯಿತು ಅನ್ನಿ. ಹಾಕಿದ ದುಡ್ಡಿಗೆ 3%. ಎಫ್‌ಡಿಯೇ ಇದಕ್ಕಿಂತ ಜಾಸ್ತಿ ಕೊಡುತ್ತದೆ, ಅದಕ್ಕೆ ಮೋಟರ್ ಕೆಡುವುದಿಲ್ಲ. ಇದರಲ್ಲಿ 40 ಲಕ್ಷ ಸಾಲ ಮಾಡಿದ್ದರೆ, ಇಪ್ಪತ್ತು ವರ್ಷಕ್ಕೆ 8.5% ಬಡ್ಡಿ ಅಂದರೂ ಕಂತು ತಿಂಗಳಿಗೆ ಹತ್ತಿರ ಹತ್ತಿರ 35,000. ಬಾಡಿಗೆ 18,000. ಉಳಿದ 17,000 ನಿಮ್ಮ ಸಂಬಳದಿಂದಲೇ ಹೋಗಬೇಕು. "ಬಾಡಿಗೆಯಲ್ಲೇ ಸಾಲ ತೀರುತ್ತೆ" ಅಂತ ಹೇಳಿದವರು ಈ ಲೆಕ್ಕ ಹಾಕಿರುವುದಿಲ್ಲ. ಹಾಗಾದರೆ ಕಟ್ಟಲೇಬಾರದಾ ಅಂತ ಒಬ್ಬರು ಕೇಳಿದರು. ಕಟ್ಟಿ ಸಾರ್. ಕೆಳಗೆ ನೀವಿದ್ದು ಮೇಲೊಂದು ಮನೆ ಕಟ್ಟಿದರೆ ಲೆಕ್ಕವೇ ಬೇರೆ, ಜಾಗದ ದುಡ್ಡು ಆಗಲೇ ಹಾಕಿ ಆಗಿರುತ್ತದೆ. ಬರೀ ಬಾಡಿಗೆ ನಂಬಿ ಸಾಲ ಮಾಡಿ ಹೊಸ ಜಾಗದಲ್ಲಿ ಕಟ್ಟುವುದು ಮಾತ್ರ ನನ್ನ ಕೈಲಿ ಆಗದ ಕೆಲಸ.

ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ, 5% ರಿಯಾಯಿತಿ ಸಿಗುತ್ತದೆ. ಆ ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಕಂದಾಯ ಕಳೆದು, ಉಳಿದಿದ್ದರಲ್ಲಿ 30% ಯಾವ ಬಿಲ್ಲೂ ತೋರಿಸದೆ ಬಿಡುತ್ತಾರೆ.

ಈಗ ಬಾಡಿಗೆದಾರರ ವಿಷಯ. ಇಲ್ಲಿ ಉಲ್ಟಾ. ಮನೆ ನಿಮ್ಮದೇ, ಆದರೆ ನಿಮ್ಮ ಕೈಯಲ್ಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ನಮ್ಮ ಮಾಲೀಕರಿಗೆ ಬಹಳ ಕಷ್ಟ. ಇನ್ನೊಂದು ಬೀಗದ ಕೈ ಇಟ್ಟುಕೊಂಡು, ಅವರಿಲ್ಲದಾಗ ಒಳಗೆ ಹೋಗಿ "ಸುಮ್ನೆ ನೋಡಿಕೊಂಡು ಬಂದೆ" ಅನ್ನುತ್ತಾರೆ. ಮಾಡಬೇಡಿ. ಬಾಡಿಗೆ ಬಾಕಿ ಅಂತ ಕರೆಂಟು ತೆಗೆಯುವುದು, ನೀರು ನಿಲ್ಲಿಸುವುದು, ಬಾಗಿಲಿಗೆ ಬೀಗ ಜಡಿಯುವುದು, ಇದನ್ನೆಲ್ಲ ಮಾಡಿದರೆ ನಿಮ್ಮ ಕಡೆ ಇದ್ದ ನ್ಯಾಯ ಅವರ ಕಡೆ ಹೋಗುತ್ತದೆ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಅವರು ಮತ್ತೆ ಅದೇ ಮನೆಗೆ ಬಂದು ಕೂರಬಹುದು.

11 ತಿಂಗಳ ಕರಾರಿನ ಬಗ್ಗೆ ನಮ್ಮಲ್ಲಿ ಒಂದು ಮೂಢನಂಬಿಕೆ ಇದೆ, 11 ತಿಂಗಳು ಮುಗಿದ ಬೆಳಗ್ಗೆ ಅವರು ತಾವಾಗೇ ಮಾಯ ಆಗುತ್ತಾರೆ ಅಂತ. 11 ಯಾಕೆ ಅಂದರೆ, ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಆ ಖರ್ಚು ತಪ್ಪಿಸುವುದಕ್ಕೆ. ಬೇರೇನೂ ಮಂತ್ರ ಇಲ್ಲ. 12ನೇ ತಿಂಗಳೂ ನೀವು ಬಾಡಿಗೆ ಇಸಿದುಕೊಂಡರೆ ಅವರು ತಿಂಗಳ ಬಾಡಿಗೆದಾರರಾಗಿ ಮುಂದುವರಿಯುತ್ತಾರೆ. ಆಮೇಲೆ ಬಿಡಿಸಬೇಕಾದರೆ ಹದಿನೈದು ದಿನದ ನೋಟಿಸು ಕೊಡಬೇಕು, ಬರಹದಲ್ಲಿ. ಅದಕ್ಕೂ ಜಗ್ಗದಿದ್ದರೆ ಕೋರ್ಟು. 1999ರ ಬಾಡಿಗೆ ಕಾಯ್ದೆ ತಿಂಗಳಿಗೆ ಮೂರೂವರೆ ಸಾವಿರ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ, ಹಾಗಾಗಿ ಇವತ್ತಿನ ಬಹುತೇಕ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಪ್ರತಿ ಸಲ ಕರಾರು ಹೊಸದಾಗಿ ಬರೆಸಿ, ಬಾಡಿಗೆ ಎಷ್ಟು ಏರುತ್ತದೆ ಅಂತ ಅದರಲ್ಲೇ ಬರೆಯಿರಿ.

ಇನ್ನೊಂದು ಹೆದರಿಕೆ, 12 ವರ್ಷ ಇದ್ದರೆ ಮನೆ ಅವರದೇ ಆಗುತ್ತದೆ ಅನ್ನುವುದು. ಈ ಹೆದರಿಕೆಗೆ ಒಳ್ಳೊಳ್ಳೆ ಬಾಡಿಗೆದಾರರನ್ನು ಬಿಡಿಸಿದವರಿದ್ದಾರೆ. ನಿಮಗೆ ಬಾಡಿಗೆ ಕೊಟ್ಟುಕೊಂಡು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ, ಮಾಲೀಕರಾಗುವುದಿಲ್ಲ. ಬಾಡಿಗೆ ಬ್ಯಾಂಕಿಗೆ ಬರಲಿ, ಅದೇ ಸಾಕ್ಷಿ. ನನ್ನ ಮೇಲಿನ ಮನೆಯವರು ಬಂದು ಒಂಬತ್ತು ವರ್ಷ ಆಯಿತು, ಅವರು ಹೋದರೆ ನನಗೇ ಬೇಜಾರು.

ಮನೆ ಕೊಡುವ ದಿನ ನಾನೊಂದು ಕೆಲಸ ಮಾಡುತ್ತೇನೆ. ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡುತ್ತೇನೆ. ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಹಾಕಿ, ಸಿಂಕಿನ ಕೆಳಗೆ ಬಗ್ಗಿ, ಬಾತ್‌ರೂಮಿನ ಬಾಗಿಲ ಕೆಳಗಿನ ಅಂಚಿನ ತನಕ. ಬಾಗಿಲು ಮೊದಲು ಊದಿಕೊಳ್ಳುವುದು ಅಲ್ಲೇ. ಕೊನೆಗೆ ಕರೆಂಟ್ ಮೀಟರಿನ ರೀಡಿಂಗ್. ಆ ವಿಡಿಯೋ ಅವರಿಗೂ ವಾಟ್ಸಾಪ್ ಮಾಡುತ್ತೇನೆ. ಹೋಗುವ ದಿನ ಅದೇ ವಿಡಿಯೋ ಹಾಕಿ ನೋಡಿಕೊಂಡರೆ ಜಗಳಕ್ಕೆ ಜಾಗವೇ ಇಲ್ಲ. ಪೇಂಟಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ಪದ್ಧತಿ ಇದೆ. ಹಿಡಿಯಿರಿ, ಆದರೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ, ಮತ್ತು ಹಿಡಿದ ಮೇಲೆ ನಿಜವಾಗಿ ಪೇಂಟ್ ಮಾಡಿಸಿ! ಐದು ವರ್ಷ ಇದ್ದವರ ಗೋಡೆ ಮಾಸುವುದು ಸಹಜ, ಅದಕ್ಕೆ ಎರಡು ತಿಂಗಳದ್ದು ಹಿಡಿಯುವುದು ನ್ಯಾಯ ಅಲ್ಲ. ಪೇಂಟ್ ಮಾರುವವನೇ ಇದನ್ನು ಹೇಳುತ್ತಿದ್ದೇನೆ.

ಮೀಟರ್ ಅಂದೆನಲ್ಲ. ಮನೆ ನೋಡುವುದಕ್ಕೆ ಬಂದವರು ಈಗ ಮೊದಲು ಕೇಳುವ ಪ್ರಶ್ನೆ, "ಬೇರೆ ಮೀಟರ್ ಇದೆಯಾ?" 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದು ಹೀಗಾಯಿತು. 200 ಯೂನಿಟ್‌ವರೆಗಿನ ಆ ಲಾಭ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ಮೀಟರಿಗೆ ಒಂದು. ಎರಡು ಪೋರ್ಷನ್‌ಗೆ ಒಂದೇ ಮೀಟರ್ ಇಟ್ಟು ಒಳಗೆ ಸಬ್ ಮೀಟರ್ ಹಾಕಿದ್ದರೆ ಯೂನಿಟ್ ಬೇಗ ದಾಟುತ್ತದೆ, ಆಮೇಲೆ ಬಿಲ್ಲು ಯಾರದ್ದು ಅಂತ ಮೆಟ್ಟಿಲ ಮೇಲೆ ಪಂಚಾಯಿತಿ. ಹಳೆ ಬಾಡಿಗೆದಾರರು ಹೋಗುವಾಗ ಅವರ ಆಧಾರ್ ಆ ಮೀಟರಿನಿಂದ ಡಿ-ಲಿಂಕ್ ಆಯಿತಾ ನೋಡಿ, ಅಡ್ವಾನ್ಸ್ ವಾಪಸ್ ಕೊಡುವ ಮುಂಚೆ. ಆಮೇಲೆ ಫೋನ್ ಎತ್ತುವುದಿಲ್ಲ.

ನೀರು. ನಮ್ಮೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಮನೆಗಳಿಗೆ ಬರಬೇಕು, ಬೇಸಿಗೆಯಲ್ಲಿ ಅದು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಾರ್ಬಲ್, ಗ್ರಾನೈಟ್ ಅಂತ ಖರ್ಚು ಮಾಡುವವರು ಸಂಪಿನಲ್ಲಿ ಕಂಜೂಸು ಮಾಡುತ್ತಾರೆ. ದೊಡ್ಡ ಸಂಪು ಕಟ್ಟಿಸಿ, ಪೋರ್ಷನ್‌ಗೊಂದು ಟ್ಯಾಂಕ್ ಇಡಿ. ಒಂದೇ ಟ್ಯಾಂಕಿನಿಂದ ಮೂರು ಮನೆಗೆ ಪೈಪ್ ಎಳೆದರೆ ಏಪ್ರಿಲ್ ತಿಂಗಳು ಪೂರ್ತಿ ನೀವು ನ್ಯಾಯಾಧೀಶರು. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಕಡೆ ಹುಡುಗರಿಗೆ ರೂಮ್ ಕೊಡುವವರು ಇನ್ನೂ ದೊಡ್ಡದೇ ಕಟ್ಟಿಸಿ. ಬಾಡಿಗೆ ಜಾಸ್ತಿ ಬರುತ್ತದೆ, ನೀರೂ ಜಾಸ್ತಿ ಹೋಗುತ್ತದೆ.

ಮಾತು ಮುಗಿದು ಟೀ ಕೊಡುವಾಗ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಕಟ್ಟು ಹಿಡಿದು ಬಂದರು. ಹಿರಿಯರ ಕಾಲದ ಮನೆ, ಮೇಲೆ ಎರಡು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಡಬೇಕು, ಬ್ಯಾಂಕಿನವರು ಏನೋ ಪೇಪರ್ ಕೇಳುತ್ತಿದ್ದಾರೆ ಅಂದರು. ಕುರ್ಚಿ ಮೇಲೆ ಹರಡಿಕೊಂಡು ನೋಡಿದೆವು. ವಂಶವೃಕ್ಷದಲ್ಲಿ ಐದು ಹೆಸರು. ಸಹಿ ನಾಲ್ಕೇ. "ಇವರು ಯಾರಣ್ಣ?" ಅಂದೆ. "ತಂಗಿ. ತಿಪಟೂರಿಗೆ ಕೊಟ್ಟಿರೋದು" ಅಂದರು. ಫೋನ್ ಮಾಡಿ ಅಂದೆ. ಅಲ್ಲೇ ಕಿಟಕಿ ಹತ್ತಿರ ನಿಂತು ಮಾಡಿದರು. ಸ್ಪೀಕರ್ ಹಾಕಿರಲಿಲ್ಲ, ಆದರೂ ಆ ಕಡೆಯ ದನಿ ನನ್ನ ತನಕ ಕೇಳಿಸಿತು.

"ಮೂರು ವರ್ಷ ಆಯ್ತು ಗೌರಿ ಹಬ್ಬಕ್ಕೆ ಬಾಗಿನ ಕಳಿಸಿ. ಈಗ ಸಹಿ ಬೇಕಾ ಅಣ್ಣಾ?"

ಅವರು ಟೀ ಲೋಟ ಕಿಟಕಿ ಮೇಲೆ ಇಟ್ಟು, ಫೋನ್ ಹಿಡಿದುಕೊಂಡೇ ಹೊರಗೆ ಹೋದರು.